ಮೂಲ ವೇತನಕ್ಕೆ ಊರಿನ ಹಂಗಿಲ್ಲ

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದು ಮನಸ್ಸಿನಿಂದ ಹೋಗಿಲ್ಲ. "ನಿಮ್ಮ ಗಡಿಭಾಗದ ವಿಶ್ವವಿದ್ಯಾಲಯಗಳಲ್ಲಿ ಸಂಬಳವೂ ಅಷ್ಟಕ್ಕಷ್ಟೇ ಇರಬೇಕಲ್ಲ?" ವರ್ಷಗಟ್ಟಲೆ ವಿಶ್ವವಿದ್ಯಾಲಯದ ಸಂಬಳ ಶಾಖೆಯಲ್ಲೇ ದುಡಿದವನು ನಾನು. ಉತ್ತರ ಕೊಡದೆ ಬಿಟ್ಟರೆ ನನಗೇ ಸಮಾಧಾನವಿಲ್ಲ.

ಮೊದಲು ಗಡಿಯ ಮಾತು. ನನ್ನ ಊರು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿದೆ. ಪೂರ್ವಕ್ಕೆ ಕೊಪ್ಪಳ, ಹೊಳೆ ದಾಟಿದರೆ ವಿಜಯನಗರ ಜಿಲ್ಲೆ. ಆಚೆಯವರಿಗೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿಯಡಿ ನೇಮಕಾತಿಯಲ್ಲಿ ಮೀಸಲಾತಿ ಇದೆ, ಗದಗ ಜಿಲ್ಲೆಯವರಿಗೆ ಇಲ್ಲ. ಆದರೆ ಅದು ಹುದ್ದೆಯ ಮಾತು, ಸಂಬಳದ್ದಲ್ಲ. ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಶ್ರೇಣಿಯಂತೆ 57,700 ರೂಪಾಯಿ. ಬೆಂಗಳೂರಿನಲ್ಲೂ ಅಷ್ಟೇ, ಧಾರವಾಡದಲ್ಲೂ ಅಷ್ಟೇ. ನಮ್ಮಂಥ ಬೋಧಕೇತರರಿಗೆ ರಾಜ್ಯ ಸರ್ಕಾರದ ಶ್ರೇಣಿ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಊರಿನಿಂದ ಊರಿಗೆ ಬದಲಾಗುವುದು ಮುಖ್ಯವಾಗಿ ಮನೆ ಬಾಡಿಗೆ ಭತ್ಯೆ: ನಮ್ಮ ಶ್ರೇಣಿಯವರಿಗೆ ಬೆಂಗಳೂರಿನಲ್ಲಿ ಶೇ 20, ಹುಬ್ಬಳ್ಳಿ-ಧಾರವಾಡದಲ್ಲಿ ಶೇ 15. ತುಟ್ಟಿಭತ್ಯೆ, ವಾರ್ಷಿಕ ವೇತನ ಬಡ್ತಿ ಎಲ್ಲವೂ ಆದೇಶ ಬಂದಂತೆ ನಡೆಯುತ್ತವೆ. ಕುಲಪತಿಗಳು ಮನಸ್ಸು ಮಾಡಿದರೂ ಒಂದು ರೂಪಾಯಿ ಹೆಚ್ಚಿಸಲಾರರು.

ನೀನು ಕೇಳಬೇಕಾಗಿದ್ದುದು ಶ್ರೇಣಿಯೇ ಇಲ್ಲದವರ ಬಗ್ಗೆ. ಕಾಯಂ ಹುದ್ದೆಗಳು ನಿವೃತ್ತಿಯಿಂದ ಖಾಲಿಯಾಗುತ್ತವೆ, ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಅದು ಬರುವವರೆಗೆ ಅತಿಥಿ ಉಪನ್ಯಾಸಕರೇ ಪಾಠ ಮಾಡಬೇಕು. ಉಪನ್ಯಾಸವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಕೊಡಬಹುದೆಂದು ಯುಜಿಸಿ 2019ರಲ್ಲೇ ಹೇಳಿದೆ. ನಾನು ಬರೆಯುವ ಬಿಲ್ಲು ಒಂದು ತಿಂಗಳೂ ಆ ಮೊತ್ತದ ಹತ್ತಿರ ಹೋಗಿಲ್ಲ. ಕಾಯಂ ನೌಕರರ ಸಂಬಳಕ್ಕೆ ಸರ್ಕಾರದ ಅನುದಾನವಿದೆ. ಇವರ ಗೌರವಧನ ಮಾತ್ರ ನಮ್ಮಲ್ಲಿ ಆಂತರಿಕ ಸಂಪನ್ಮೂಲದಿಂದ, ಅಂದರೆ ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕದಂಥ ಆದಾಯದಿಂದ ಹೊರಡಬೇಕು. ಆ ಖಾತೆಯಲ್ಲಿ ಹಣವಿಲ್ಲದ ತಿಂಗಳು ಬಿಲ್ಲು ನನ್ನ ಮೇಜಿನ ಮೇಲೆಯೇ ಕುಳಿತಿರುತ್ತದೆ.

ಮೊನ್ನೆ ಊಟದ ಹೊತ್ತಿಗೆ ಅತಿಥಿ ಉಪನ್ಯಾಸಕರೊಬ್ಬರು ಬಂದರು. ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಪಾಸಾದವರು, ಪಿಎಚ್‌.ಡಿ. ಮುಗಿಸಿದವರು, ಹತ್ತು ವರ್ಷದಿಂದ ಇದೇ ಕೆಲಸದಲ್ಲಿ ಇರುವವರು. ಅವಧಿ ಪಟ್ಟಿಯಲ್ಲಿ ಮೂರು ತರಗತಿಗಳ ಮುಂದೆ ಕೆಂಪು ಶಾಯಿಯ ಗೆರೆ ಇತ್ತು. ಎಳೆದವನು ನಾನೇ. ಆ ತರಗತಿಗಳಿದ್ದ ದಿನ ದಿಢೀರ್ ರಜೆ ಘೋಷಣೆಯಾಗಿತ್ತು. ಅವರು ರೋಣದಿಂದ ಬಸ್ ಹತ್ತಿ ಬಂದು ತಲುಪಿದ ಮೇಲೆ ಅವರಿಗೆ ಅದು ಗೊತ್ತಾಗಿತ್ತು. ತರಗತಿ ನಡೆಯದಿದ್ದರೆ ಹಣವಿಲ್ಲ ಎಂಬುದು ನಿಯಮ. ಅವರು ಜಗಳವಾಡಲಿಲ್ಲ. ಪಟ್ಟಿ ತಿರುಗಿಸಿ, "ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ ನೋಡಿದ ದಿನಗಳನ್ನು ಎಲ್ಲಿ ಬರೆಯಲಿ, ಸರ್?" ಎಂದು ಕೇಳಿದರು. ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯಿರಿ, ಟಿಪ್ಪಣಿ ಮಂಡಿಸುತ್ತೇನೆ ಎಂದೆ. ಹಿಂದೆ ಎರಡು ಸಲ ಮಂಡಿಸಿದ್ದೇನೆ, ಎರಡು ಸಲವೂ "ಅವಕಾಶವಿಲ್ಲ" ಎಂಬ ಷರಾದೊಂದಿಗೆ ಕಡತ ವಾಪಸಾಗಿದೆ. ಮೂರನೆಯ ಟಿಪ್ಪಣಿಯನ್ನು ನಿನ್ನೆ ರಾತ್ರಿ ಬರೆದು ಮುಗಿಸಿದೆ.