ನೋಟಿಸ್ ಬೋರ್ಡ್‌ನಲ್ಲಿ ಹೆಸರು ಬಂದ ಹುಡುಗಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.)

ಎರಡನೇ ಸೆಮಿಸ್ಟರ್ ಆಗಷ್ಟೇ ಶುರುವಾಗಿತ್ತು. ಕಂಪ್ಯೂಟರ್ ಸೈನ್ಸ್ ಹುಡುಗಿಯೊಬ್ಬಳು ಟಿಸಿ ಅರ್ಜಿ ಹಿಡಿದು ಬಂದಳು. ಅರ್ಜಿಗೆ ಸಹಿ ಬೀಳುವ ಮೊದಲು ಒಮ್ಮೆ ಕಾಲೇಜಿನ ಕೌನ್ಸೆಲರ್ ಆದ ನನ್ನ ಹತ್ತಿರ ಕಳಿಸುವುದು ನಮ್ಮಲ್ಲಿ ರೂಢಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ತಾಲ್ಲೂಕು ಕಾಲೇಜಿನಲ್ಲಿ ಪಿಯುಸಿ, ಸಿಇಟಿಯಲ್ಲಿ ಸೀಟು. ಮೊದಲ ಸೆಮ್‌ನಲ್ಲಿ ಗಣಿತ, ಫಿಸಿಕ್ಸ್ ಎರಡೂ ಹೋಗಿದ್ದವು.

"ಇಂಜಿನಿಯರಿಂಗ್ ನನ್ನ ತಲಿಗೆ ಹತ್ತಂಗಿಲ್ರಿ ಮೇಡಂ. ಊರಿಗೆ ಹೋಗಿ ಬಿಎ ಮಾಡ್ತೀನ್ರಿ" ಎಂದಳು.

ಊಟ, ನಿದ್ದೆ ಹೇಗಿದೆ, ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಅಂಥದ್ದೇನೂ ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಆಮೇಲೆ ಗಣಿತದ ನೋಟ್‌ಬುಕ್ ತರಿಸಿದೆ.

ಕಾರ್ಡಿಯಾಯ್ಡ್ (ಹೃದಯದಾಕಾರದ ವಕ್ರರೇಖೆ) ಲೆಕ್ಕ. ಲಾಗ್ ತೆಗೆದುಕೊಂಡಿದ್ದಾಳೆ, ಡಿಫರೆನ್ಶಿಯೇಟ್ ಮಾಡಿದ್ದಾಳೆ, ಎಲ್ಲ ಸರಿ. 'ಮೈನಸ್ ಸೈನ್ ಥೀಟಾ ಬೈ ಒನ್ ಪ್ಲಸ್ ಕಾಸ್ ಥೀಟಾ' ಅನ್ನುವಲ್ಲಿಗೆ ಬಂದು ನಿಂತಿದೆ. ಮುಂದಕ್ಕೆ ಬೇಕಿದ್ದುದು ಅರ್ಧಕೋನದ ಸೂತ್ರ, ಅಂದರೆ ಪಿಯುಸಿ ತ್ರಿಕೋನಮಿತಿ. ಬೇರೆ ಲೆಕ್ಕಗಳೂ ಇಂಥ ಕಡೆಯೇ ನಿಂತಿದ್ದವು. (ನಾನು ಬಿಎಸ್ಸಿ ಗಣಿತ ಓದಿದವಳು, ಹಾಗಾಗಿ ಕಣ್ಣಿಗೆ ಬಿತ್ತು.) ಹೊಸ ಪಾಠ ಅರ್ಥವಾಗಿತ್ತು. ಕೈಕೊಟ್ಟಿದ್ದು ಹಳೆಯದು.

ಇದಕ್ಕೆಂದೇ ಕಾಲೇಜಿನಲ್ಲಿ ಸಂಜೆ ತರಗತಿ ಇತ್ತಲ್ವಾ, ಯಾಕೆ ಹೋಗಲಿಲ್ಲ?

"ಸ್ಲೋ ಲರ್ನರ್ಸ್ ಅಂತ ಬೋರ್ಡ್‌ನಾಗ ಹೆಸರು ಹಚ್ಚಿದ್ರು. ಹಾಸ್ಟೆಲ್‌ನಾಗ ಎಲ್ಲಾರೂ ನೋಡ್ಯಾರ್ರಿ."

ಕಾಲೇಜಿನ ಗುಣಮಟ್ಟ ಅಳೆಯಲು ಬರುವ ನ್ಯಾಕ್‌ನವರಿಗೆ ತೋರಿಸಲು ಆ ಪದ ಫೈಲಿನಲ್ಲಿ ಇದ್ದುಕೊಳ್ಳಲಿ, ಬೋರ್ಡಿಗೆ ಯಾಕೆ ಬರಬೇಕು? ಹಿಂದೆ ಬಿದ್ದವರಿಗೆ ಕಲಿಸಲು ಬೇರೆ ದಾರಿಯೂ ಇದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬುವರು ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬೀಳುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಹತ್ತಿರದಿಂದ ನೋಡಿದರು. ಅವರ ಶ್ರಮಕ್ಕೆ ಕೊರತೆ ಇರಲಿಲ್ಲ, ಆದರೆ ಒಬ್ಬೊಬ್ಬರೇ ಕೂತು ಓದುತ್ತಿದ್ದರು. ಚೀನೀ ಮೂಲದವರು ಗುಂಪಾಗಿ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ನೋಡುತ್ತಿದ್ದರು. ಟ್ರೈಸ್‌ಮನ್ 'ದಡ್ಡರ ತರಗತಿ' ಮಾಡಲಿಲ್ಲ. ಕಷ್ಟದ ಲೆಕ್ಕಗಳನ್ನೇ ಕೊಟ್ಟು, ಗುಂಪಿನಲ್ಲಿ ಬಿಡಿಸಲು ಕೂರಿಸಿದರು. ಫಲಿತಾಂಶ ಚೆನ್ನಾಗಿಯೇ ಬಂತು.

ಅವಳಿಗೆ ಹೇಳಿದ್ದು ಇಷ್ಟು. ಈ ಸೆಮ್ ಮುಗಿಯುವವರೆಗೆ ಟಿಸಿ ಅರ್ಜಿ ನನ್ನ ಡ್ರಾಯರ್‌ನಲ್ಲಿರಲಿ. ಮೊದಲು ಪಿಯುಸಿ ತ್ರಿಕೋನಮಿತಿ ಮುಗಿಸು, ಅದಕ್ಕೆ ನಾಚಿಕೆ ಬೇಡ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯವರು ಮೊದಲ ವರ್ಷದ ಪುಸ್ತಕಗಳನ್ನು ಕನ್ನಡದಲ್ಲೂ ತಂದಿದ್ದಾರೆ, ಇ-ಕುಂಭ್ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥ ಮಾಡಿಕೊಳ್ಳಲು ಕನ್ನಡದಲ್ಲಿ ಓದು, ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೋ. ರಾತ್ರಿ ಊಟವಾದ ಮೇಲೆ ಮೂರ್ನಾಲ್ಕು ಜನ ಒಟ್ಟಿಗೆ ಕೂತುಕೊಳ್ಳಿ. ಸುಮ್ನೆ ನೋಟ್ಸ್ ನಕಲು ಮಾಡುವುದಕ್ಕಲ್ಲ, ಬಿಡಿಸಿದವಳು ಉಳಿದವರಿಗೆ ಬಾಯಿಬಿಟ್ಟು ವಿವರಿಸಬೇಕು.

ಅವಳ ಒಪ್ಪಿಗೆ ಕೇಳಿ ಅಪ್ಪನಿಗೂ ಫೋನ್ ಮಾಡಿದೆ. ಸಾಲ ಮಾಡಿ ಓದಿಸ್ತಿದ್ದೀವಿ ಅಂತ ದಿನಾ ನೆನಪಿಸಬೇಡಿ ಎಂದೆ. "ಹಂಗೇನಿಲ್ರಿ ಮೇಡಂ" ಎಂದರು. ದಿನಾ ನೆನಪಿಸುತ್ತಾರೆ ಎಂದು ಮಗಳು ಆಗಲೇ ಹೇಳಿದ್ದಳು.

ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಮಾತಾಡಿದ ಮೇಲೆ ಬೋರ್ಡಿನ ಪಟ್ಟಿ ಹೋಯಿತು. ಸಂಜೆ ತರಗತಿಗೆ ಈಗ ಯಾರು ಬೇಕಾದರೂ ಬರಬಹುದು, ಒಳ್ಳೆ ಅಂಕದವರೂ ಬರುತ್ತಾರೆ. ಹುಡುಗಿ ಗಣಿತ ಪಾಸು ಮಾಡಿದಳು, ಫಿಸಿಕ್ಸ್ ಇನ್ನೂ ಬಾಕಿ. ತನಗೆ ಈ ಬ್ರಾಂಚ್ ಇಷ್ಟವೇ ಎಂಬ ಅನುಮಾನ ಅವಳಿಗೆ ಈಗಲೂ ಇದೆ. ಅದು ಬೇರೆ ಮಾತು, ಅದಕ್ಕೆ ಇನ್ನೊಮ್ಮೆ ಬಾ ಎಂದಿದ್ದೇನೆ.