ಪ್ರತಿಕ್ರಿಯೆ: ಲಿನಕ್ಸ್‌ಗೆ ತಂದ ಥಂಡರ್‌ಬರ್ಡ್ ಪ್ರೊಫೈಲ್‌ನಲ್ಲಿ ಲೋಕಲ್ ಫೋಲ್ಡರ್ಸ್ ಖಾಲಿ

ವಿಂಡೋಸ್‌ನಿಂದ ಇಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್‌ನ ಪ್ರೊಫೈಲ್ (ಖಾತೆ, ಸೆಟ್ಟಿಂಗ್ಸ್ ಎಲ್ಲ ಇರುವ ಫೋಲ್ಡರ್) ನಕಲಿಸಿದ ಮೇಲೆ ಖಾತೆಗಳೆಲ್ಲ ಬಂದಿವೆ, ಆದರೆ ಲೋಕಲ್ ಫೋಲ್ಡರ್ಸ್ (ಕಂಪ್ಯೂಟರ್‌ನಲ್ಲೇ ಉಳಿಸಿಕೊಂಡ ಅಂಚೆ) ಖಾಲಿ ಎಂದಿದ್ದೀರಿ. ಆ ಅಂಚೆಯನ್ನು ಡಿ ಡ್ರೈವ್‌ನಲ್ಲಿ ಇಟ್ಟಿದ್ದೆ ಎಂದೂ ಹೇಳಿದ್ದೀರಿ. ತೊಡಕು ಅಲ್ಲೇ ಇದೆ. ಪ್ರೊಫೈಲ್ ಒಳಗಿನ ಅಂಚೆಗೆ ಸೆಟ್ಟಿಂಗ್ಸ್ ಉಳಿಯುವ ಪ್ರೆಫ್ಸ್.ಜೆಎಸ್ ಕಡತದಲ್ಲಿ ಸಾಪೇಕ್ಷ ದಾರಿಯೂ (ಪ್ರೊಫೈಲ್ ಇರುವ ಜಾಗದಿಂದ ಹೇಳುವ ವಿಳಾಸ) ದಾಖಲಾಗಿರುತ್ತದೆ, ಹಾಗಾಗಿ ಅದು ಯಾವ ವ್ಯವಸ್ಥೆಯಲ್ಲೂ ಸಿಗುತ್ತದೆ. ಡಿ ಡ್ರೈವ್‌ನ ಪೂರ್ಣ ವಿಳಾಸ ಮಾತ್ರ ಇದ್ದರೆ ಲಿನಕ್ಸ್‌ಗೆ ಅದು ಅರ್ಥವಾಗದು.

ಥಂಡರ್‌ಬರ್ಡ್ ಮುಚ್ಚಿ, ಡಿ ಡ್ರೈವ್‌ನಲ್ಲಿರುವ ಅಂಚೆಯ ಫೋಲ್ಡರನ್ನು ಪ್ರೊಫೈಲ್‌ನ 'ಮೇಲ್' ಫೋಲ್ಡರ್ ಒಳಗೆ ಬೇರೆ ಹೆಸರಿನಲ್ಲಿ ನಕಲಿಸಿ. ಮತ್ತೆ ತೆರೆದು, ಖಾತೆ ಸೆಟ್ಟಿಂಗ್ಸ್‌ನ ಲೋಕಲ್ ಫೋಲ್ಡರ್ಸ್ ಪುಟದಲ್ಲಿ 'ಲೋಕಲ್ ಡೈರೆಕ್ಟರಿ'ಗೆ ಅದನ್ನೇ ಆರಿಸಿ ರೀಸ್ಟಾರ್ಟ್ ಮಾಡಿ. ಪ್ರೆಫ್ಸ್.ಜೆಎಸ್ ಅನ್ನು ಕೈಯಾರೆ ತಿದ್ದುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಪ್ರೋಗ್ರಾಂ ತೆರೆದಿದ್ದಾಗ ತಿದ್ದಿದರಂತೂ ಮುಚ್ಚುವಾಗ ನಿಮ್ಮ ಬದಲಾವಣೆ ಅಳಿಸಿಹೋಗುತ್ತದೆ.

ಪಾಸ್‌ವರ್ಡ್ ಮತ್ತೆ ಕೇಳುತ್ತಿದ್ದರೆ ಉಳಿಸಿದ ಪಾಸ್‌ವರ್ಡ್‌ಗಳಿಗೆ ಬೇಕಾದ ಕೀ4.ಡಿಬಿ, ಲಾಗಿನ್ಸ್.ಜೇಸನ್ ಕಡತಗಳೆರಡೂ ಪ್ರೊಫೈಲ್ ಜೊತೆ ಬಂದಿವೆಯೇ ನೋಡಿ. ಒಂದಿಲ್ಲದೆ ಇನ್ನೊಂದು ನಿಷ್ಪ್ರಯೋಜಕ.

ಲಿನಕ್ಸ್‌ನಲ್ಲಿರುವ ಥಂಡರ್‌ಬರ್ಡ್ ಆವೃತ್ತಿ ಹಳೆಯದಾಗಿದ್ದರೆ ಅದು ಹೊಸ ಆವೃತ್ತಿಯ ಪ್ರೊಫೈಲನ್ನು ತೆರೆಯಲು ನಿರಾಕರಿಸಬಹುದು. ಒತ್ತಾಯದಿಂದ ತೆರೆಯುವ ಆಯ್ಕೆ ಇದ್ದರೂ ದತ್ತಾಂಶ ಕೆಡುವ ಅಪಾಯವಿದೆ, ದಯವಿಟ್ಟು ಬಳಸಬೇಡಿ. ಆವೃತ್ತಿಯನ್ನೇ ಅಪ್‌ಡೇಟ್ ಮಾಡಿ. ಡಿ ಡ್ರೈವ್‌ನ ಮೂಲ ಪ್ರತಿಯನ್ನು ಎಲ್ಲ ಪತ್ರಗಳೂ ತೆರೆಯುವುದು ಖಚಿತವಾಗುವವರೆಗೆ ಅಳಿಸಬೇಡಿ.