ಗುಡುಗು ಮಳೆ ಆದ ಮೇಲೆ ಕಂಪ್ಯೂಟರ್ ಆನ್ ಆಗ್ತಿಲ್ಲ, ಮದರ್‌ಬೋರ್ಡ್ ಹೋಗಿದೆಯಾ?

ನೀವು ಕೇಳಿರುವುದು ಇಷ್ಟು. ಮೂಡಿಗೆರೆ ಹತ್ತಿರ ಮನೆ. ರಾತ್ರಿ ಗುಡುಗು ಮಳೆ, ಕರೆಂಟ್ ಹೋಗಿ ಬಂದು ಮಾಡಿದೆ. ಬೆಳಗ್ಗೆ ಡೆಸ್ಕ್‌ಟಾಪ್ ಬಟನ್ ಒತ್ತಿದರೆ ಫ್ಯಾನ್ ಕೂಡ ತಿರುಗುತ್ತಿಲ್ಲ. ಅಂಗಡಿಯವರು ಫೋನಲ್ಲೇ ‘ಮದರ್‌ಬೋರ್ಡ್ ಹೋಗಿದೆ’ ಅಂದಿದ್ದಾರೆ. ತೋಟದ ಲೆಕ್ಕವೆಲ್ಲ ಅದರಲ್ಲೇ ಇದೆ.

ಚಿಕ್ಕಮಗಳೂರಿನಲ್ಲಿ ನಾನು ಇದೇ ಕೆಲಸ ಮಾಡುತ್ತೇನೆ. ಫೋನಲ್ಲಿ ಕೇಳಿ ಮದರ್‌ಬೋರ್ಡ್ ಹೋಗಿದೆ ಅಂತ ಹೇಳುವುದು ಯಾರಿಂದಲೂ ಆಗದ ಮಾತು. ಲೆಕ್ಕದ ಬಗ್ಗೆಯೂ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅದು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಮದರ್‌ಬೋರ್ಡ್ ಸತ್ತರೂ ಡಿಸ್ಕ್ ಸಾಮಾನ್ಯವಾಗಿ ಬದುಕಿರುತ್ತದೆ, ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್ ತೆಗೆಯಬಹುದು.

ಒಂದು ವಿಷಯ ತಿಳಿದುಕೊಂಡರೆ ಉಳಿದದ್ದು ಸುಲಭ. ಕಂಪ್ಯೂಟರ್ ಬಟನ್ ಮನೆಯ ಲೈಟಿನ ಸ್ವಿಚ್ ಅಲ್ಲ, ಕಾಲಿಂಗ್ ಬೆಲ್ ಇದ್ದ ಹಾಗೆ. ಒತ್ತಿದರೆ ಒಳಗಿನವರಿಗೆ ಗೊತ್ತಾಗುತ್ತದೆ ಅಷ್ಟೆ, ಬಾಗಿಲು ಅವರೇ ತೆಗೆಯಬೇಕು. ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್‌ನಿಂದ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಒಳಗಿನ ಡಬ್ಬಿಯಿಂದ, ನೇರಳೆ ಬಣ್ಣದ ವೈರಿನಲ್ಲಿ 5 ವೋಲ್ಟ್ ಬೋರ್ಡಿಗೆ ಬರುತ್ತಲೇ ಇರುತ್ತದೆ. ಇದೇ ಸ್ಟ್ಯಾಂಡ್‌ಬೈ. ಬಟನ್ ಒತ್ತಿದಾಗ ಬೋರ್ಡ್ ಹಸಿರು ವೈರನ್ನು ಗ್ರೌಂಡಿಗೆ, ಅಂದರೆ ಕಪ್ಪು ವೈರಿಗೆ, ಸೇರಿಸುತ್ತದೆ. ಆಮೇಲೆ ಎಸ್‌ಎಂಪಿಎಸ್ ಪೂರ್ತಿ ಎದ್ದು 12, 5, 3.3 ವೋಲ್ಟ್ ಕೊಡುತ್ತದೆ. ಇದರಲ್ಲಿ ಎಲ್ಲಿ ತಪ್ಪಿದರೂ ಹೊರಗಿನಿಂದ ಕಾಣುವುದು ಒಂದೇ: ಏನೂ ಆಗುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಸ್ಟ್ಯಾಂಡ್‌ಬೈ ಇದೆಯೋ ಇಲ್ಲವೋ ಅಂತ.

ಅದಕ್ಕೂ ಮೊದಲು ಗೋಡೆ ನೋಡಿ. ನಗಬೇಡಿ, ನಮ್ಮ ಹತ್ತಿರ ಬರುವ ‘ಸತ್ತ’ ಕಂಪ್ಯೂಟರ್‌ಗಳಲ್ಲಿ ಕೆಲವಕ್ಕೆ ಏನೂ ಆಗಿರುವುದೇ ಇಲ್ಲ. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ಉರಿಯುತ್ತದಾ ನೋಡಿ. ಯುಪಿಎಸ್ ಬದಿಗಿಟ್ಟು ನೇರ ಗೋಡೆಗೆ ಹಾಕಿ. ಪವರ್ ಕೇಬಲ್ ಬದಲಿಸಿ, ಎಷ್ಟೋ ಮಾನಿಟರ್‌ಗಳ ಕೇಬಲ್ ಅದಕ್ಕೂ ಆಗುತ್ತದೆ. ಕ್ಯಾಬಿನೆಟ್ ಹಿಂದೆ ಎಸ್‌ಎಂಪಿಎಸ್‌ಗೆ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಒರೆಸುವಾಗ ಅದು ಆಫ್ ಆಗಿಬಿಟ್ಟಿರಬಹುದು. ಗೆರೆ ಇರುವ ಕಡೆ ಒತ್ತಿರಬೇಕು, ಸೊನ್ನೆ ಕಡೆ ಅಲ್ಲ. ಹಳೆಯ ಎಸ್‌ಎಂಪಿಎಸ್ ಆದರೆ ಪಕ್ಕದಲ್ಲಿ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ಅದು 230ರಲ್ಲೇ ಇರಲಿ, ಸುಮ್ನೆ ಆ ಕಡೆ ಈ ಕಡೆ ಮಾಡಿದರೆ ಡಬ್ ಅನ್ನುತ್ತದೆ.

ಈಗ ಪ್ಲಗ್ ಕಿತ್ತು, ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಪಕ್ಕದ ಮುಚ್ಚಳ ತೆಗೆಯಿರಿ. ಒಳಗೆ ಕೈ ಹಾಕದೆ ಮತ್ತೆ ಪ್ಲಗ್ ಹಾಕಿ. ಬೋರ್ಡ್ ಮೇಲೆ ಸಾಸಿವೆ ಕಾಳಿನಷ್ಟು ಎಲ್‌ಇಡಿ ಉರಿಯುತ್ತಿದೆಯಾ? ಕೆಲವು ಬೋರ್ಡ್‌ಗಳಲ್ಲಿ ಇದು ಇರುವುದಿಲ್ಲ. ಆಗ ಯುಎಸ್‌ಬಿ ಮೌಸ್ ಹಾಕಿ ಅಡಿಯಲ್ಲಿ ಕೆಂಪು ಬೆಳಕು ಬರುತ್ತದಾ ನೋಡಬಹುದು. ಬಂದರೆ ಸ್ಟ್ಯಾಂಡ್‌ಬೈ ಇದೆ ಅಂತ ಲೆಕ್ಕ. ಬಾರದಿದ್ದರೆ ಇಲ್ಲ ಅಂತ ಹೇಳಲು ಆಗುವುದಿಲ್ಲ.

ಎಲ್‌ಇಡಿ ಉರಿದರೆ ಮೊದಲ ಅನುಮಾನ ಬಟನ್ ಮೇಲೆ. ಮಳೆಗಾಲದಲ್ಲಿ ನಮ್ಮ ಕಡೆ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಎರಡು ರೂಪಾಯಿಯ ಸ್ವಿಚ್ ಬಿಡುತ್ತದಾ? ಒಳಗಿನ ಪತ್ತಿ ಕಿಲುಬು ಹಿಡಿದು ತಾಗುವುದೇ ಇಲ್ಲ. ಬೋರ್ಡಿನ ಮೂಲೆಯಲ್ಲಿ ಪವರ್ ಸ್ವಿಚ್ ಅಂತ ಗುರುತು ಇರುವ ಎರಡು ಪಿನ್ ಇರುತ್ತವೆ. ಅದರ ಕನೆಕ್ಟರ್ ತೆಗೆದು, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನು ಮಾತ್ರ ಒಂದು ಕ್ಷಣ ಮುಟ್ಟಿಸಿ. ಫ್ಯಾನ್ ತಿರುಗಿತಾ? ಹಾಗಾದರೆ ಬಟನ್ ಮಾತ್ರ ಕೆಟ್ಟಿದೆ. ರೀಸೆಟ್ ಬಟನ್ನಿನ ವೈರನ್ನೇ ಅಲ್ಲಿ ಚುಚ್ಚಿ ಕೆಲಸ ಮುಂದುವರಿಸಿ.

ಎಲ್‌ಇಡಿ ಉರಿಯದಿದ್ದರೆ, ನಿಮ್ಮದು ಹೀಗೇ ಇರಬಹುದು ಅಂತ ನನ್ನ ಅಂದಾಜು, ಪವರ್ ಪ್ಲಗ್, ಯುಎಸ್‌ಬಿ, ನೆಟ್ ಕೇಬಲ್ ಎಲ್ಲ ಕಿತ್ತು ಅರ್ಧ ಗಂಟೆ ಬಿಡಿ. ಕರೆಂಟ್ ಏರುಪೇರಾದಾಗ ಎಸ್‌ಎಂಪಿಎಸ್ ತನ್ನನ್ನು ತಾನೇ ಲಾಕ್ ಮಾಡಿಕೊಳ್ಳುವುದು ಉಂಟು, ಪೂರ್ತಿ ಡಿಸ್ಚಾರ್ಜ್ ಆದ ಮೇಲೆ ಏಳುತ್ತದೆ. ಏಳಲಿಲ್ಲವಾ? ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನಿಂದ ಹೋಗುವ ಎಲ್ಲ ಕನೆಕ್ಟರ್ ಬಿಡಿಸಿ. 24 ಪಿನ್ನಿನ ದೊಡ್ಡದರಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಅದಕ್ಕೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಸೇರಿಸಿ, ಕೈ ತೆಗೆದು, ಆಮೇಲೆ ಪ್ಲಗ್ ಹಾಕಿ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್‌ಗೆ ಜೀವ ಇದೆ. ಆದರೆ ತಿರುಗಿದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ. ಮಲ್ಟಿಮೀಟರ್ ಇದ್ದರೆ ಹಳದಿ ಮತ್ತು ಕಪ್ಪು ನಡುವೆ 11.4ರಿಂದ 12.6 ವೋಲ್ಟ್ ಇರಬೇಕು. ನೇರಳೆಯಲ್ಲಿ 5ರ ಆಸುಪಾಸು. ಎಲ್ಲ ವೈರೂ ಕಪ್ಪಗಿದ್ದರೆ, ಅಥವಾ ಕನೆಕ್ಟರ್‌ನಲ್ಲಿ 24 ಪಿನ್ ಇಲ್ಲದ ಬ್ರಾಂಡೆಡ್ ಮಷೀನ್ ಆದರೆ ಈ ಕ್ಲಿಪ್ ಸಾಹಸ ಬೇಡ, ಅಂಗಡಿಗೆ ಒಯ್ಯಿರಿ.

ನೇರಳೆಯಲ್ಲೂ ಏನೂ ಇಲ್ಲ ಅಂದರೆ ಹೋಗಿರುವುದು ಎಸ್‌ಎಂಪಿಎಸ್. ಹೊಸದು ಹಾಕಿ. ಫ್ಯೂಸ್ ಬದಲಿಸೋಣ ಅಂತ ಹಳೆಯದನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಎಸ್‌ಎಂಪಿಎಸ್ ಚೆನ್ನಾಗಿದ್ದೂ ಬೋರ್ಡ್ ಏಳದಿದ್ದರೆ ಮಾತ್ರ ಮದರ್‌ಬೋರ್ಡ್ ಮಾತು. ಆಗ ನೆಟ್ ಕೇಬಲ್ ಹಾಕುವ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಕಪ್ಪು ಮಸಿ, ಸುಟ್ಟ ವಾಸನೆ ಇದ್ದರೆ ಸಿಡಿಲಿನ ಹೊಡೆತ ಬಂದದ್ದು ಅಲ್ಲಿಂದ. ಕರೆಂಟ್ ಲೈನಿಗೆ ಯುಪಿಎಸ್, ಸ್ಪೈಕ್ ಬಸ್ಟರ್ ಎಲ್ಲ ಹಾಕಿರುತ್ತೇವೆ, ತಾಮ್ರದ ಟೆಲಿಫೋನ್ ವೈರು ರೂಟರ್ ದಾಟಿ ಸೀದಾ ಬೋರ್ಡಿಗೆ ಬರುವುದು ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲಿ ಸುಟ್ಟಿದ್ದರೆ ಅಂಗಡಿಯವರ ಮಾತು ನಿಜ ಆಗಬಹುದು. ಸುಟ್ಟಿಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಎಲ್ಲ ಬಿಡಿಸಿ ಒಂದೇ ರ‍್ಯಾಮ್ ಇಟ್ಟು ನೋಡಿ. ಯುಎಸ್‌ಬಿ ಪೋರ್ಟಿನ ಪಿನ್ ಬಗ್ಗಿ ಒಂದಕ್ಕೊಂದು ತಾಗಿದ್ದರೂ ಬೋರ್ಡ್ ಏಳದೆ ಇರಬಹುದು. ನಾಣ್ಯದ ಥರದ ಸಿಆರ್2032 ಸೆಲ್ ಬದಲಿಸುವುದು ಅಗ್ಗ, ಮಾಡಿ ನೋಡಬಹುದು. ಆದರೆ ಆ ಸೆಲ್ ಹೋದರೆ ಸಾಮಾನ್ಯವಾಗಿ ತಾರೀಖು ತಪ್ಪುತ್ತದೆ, ಕಂಪ್ಯೂಟರ್ ಸಾಯುವುದಿಲ್ಲ.

ಇನ್ನು ಮುಂದೆ ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟುತ್ತಿದ್ದ ಹಾಗೆ ಪ್ಲಗ್ ಕೀಳಿ, ನೆಟ್ ಕೇಬಲ್ಲನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಅಳೆಯಲು ಹೇಳಿ. ಮೂರನೇ ಪಿನ್ ಇದ್ದು ಹಿಂದೆ ವೈರೇ ಇಲ್ಲದ ಸಾಕೆಟ್ ಹಳೆಯ ತೋಟದ ಮನೆಗಳಲ್ಲಿ ನಾನೇ ನೋಡಿದ್ದೇನೆ.

ಎಲ್‌ಇಡಿ ಉರಿಯಿತೋ ಇಲ್ಲವೋ ಇಲ್ಲೇ ಕೆಳಗೆ ಬರೆಯಿರಿ. ಜೊತೆಗೆ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ಸ್ ಇದೆ, ಗ್ರಾಫಿಕ್ಸ್ ಕಾರ್ಡ್ ಇದೆಯಾ ತಿಳಿಸಿ. ಬದಲಿಗೆ ಎಷ್ಟು ವಾಟ್‌ನದು ತಗೊಳ್ಳಬೇಕು ಅಂತ ಹೇಳುತ್ತೇನೆ.